ತಾಯಿಗೆ ಸಣ್ಣ ಜ್ವರ, ಮಗುವಿಗೆ ದೊಡ್ಡ ಪೆಟ್ಟು: ರುಬೆಲ್ಲಾ ವೈರಸ್ ಗರ್ಭದೊಳಗೆ ಹೋಗುವುದು ಹೇಗೆ?

ಮಗು ಕಣ್ಣಿನ ಪೊರೆಯೊಂದಿಗೆ ಹುಟ್ಟಿತು, ಅಥವಾ ಹುಟ್ಟಿದಾಗಿನಿಂದಲೇ ಅದಕ್ಕೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾಯಿತು ಎಂದುಕೊಳ್ಳಿ. ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, "ಬಸುರಿಯಲ್ಲಿ ಗ್ರಹಣ ನೋಡಿದ್ದಳಾ?" ಆಮೇಲೆ ಅವಳು ಏನು ತಿಂದಳು, ಎಲ್ಲಿಗೆ ಹೋದಳು ಎಂಬ ವಿಚಾರಣೆ. ಗ್ರಹಣಕ್ಕೂ ಮಗುವಿನ ಅಂಗಾಂಗಕ್ಕೂ ಯಾವ ಸಂಬಂಧವೂ ಇಲ್ಲ. ಇಂಥ ತೊಂದರೆಗಳಿಗೆ ಕಾರಣಗಳು ಹಲವು, ಎಷ್ಟೋ ಬಾರಿ ಕಾರಣ ಪತ್ತೆಯಾಗುವುದೂ ಇಲ್ಲ. ಆದರೆ ಲಸಿಕೆಯಿಂದ ತಡೆಯಬಹುದಾದ ಒಂದು ಕಾರಣವಂತೂ ನಮಗೆ ಚೆನ್ನಾಗಿ ಗೊತ್ತಿದೆ. ಅದು ರುಬೆಲ್ಲಾ ವೈರಸ್.

ರುಬೆಲ್ಲಾವನ್ನು ಜರ್ಮನ್ ದಡಾರ ಎಂದೂ ಕರೆಯುತ್ತಾರೆ. ದಡಾರಕ್ಕಿಂತ ಇದು ಬೇರೆ ವೈರಸ್, ಬಲು ಸೌಮ್ಯ ಕಾಯಿಲೆ. ಸ್ವಲ್ಪ ಜ್ವರ, ಕಿವಿಯ ಹಿಂದೆ ಗಂಟು, ಮೂರು ದಿನ ಮೈಮೇಲೆ ಕೆಂಪು ಗುಳ್ಳೆ. "ಅಮ್ಮ ಬಂದಿದೆ" ಎಂದು ಬೇವಿನ ಸೊಪ್ಪು ಇಟ್ಟು ಸುಮ್ಮನಾಗುವಷ್ಟರಲ್ಲಿ ಅದೇ ಹೋಗಿರುತ್ತದೆ. ಸೋಂಕು ತಗುಲಿದ ಬಹಳಷ್ಟು ಜನರಿಗೆ ಗುಳ್ಳೆಯೂ ಏಳುವುದಿಲ್ಲ. ಇಷ್ಟು ಸಣ್ಣ ಕಾಯಿಲೆ ಗರ್ಭದಲ್ಲಿರುವ ಮಗುವಿಗೆ ಅಪಾಯ ಎಂದು 1941ರವರೆಗೆ ಯಾರಿಗೂ ತಿಳಿದಿರಲಿಲ್ಲ.

ಸಿಡ್ನಿಯ ಕಣ್ಣಿನ ಡಾಕ್ಟರ್ ಕಂಡದ್ದು

1940ರಲ್ಲಿ ಆಸ್ಟ್ರೇಲಿಯಾದಲ್ಲಿ ರುಬೆಲ್ಲಾ ವ್ಯಾಪಕವಾಗಿ ಹಬ್ಬಿತ್ತು. ಮರುವರ್ಷ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅವರ ಬಳಿಗೆ ಹುಟ್ಟಿನಿಂದಲೇ ಕಣ್ಣಿನ ಪೊರೆ ಇದ್ದ ಕೂಸುಗಳು ಒಂದರ ಹಿಂದೊಂದು ಬರತೊಡಗಿದವು. ಹಲವು ಕೂಸುಗಳಿಗೆ ಹೃದಯದ ದೋಷವೂ ಇತ್ತು. ಅವರು ಬೇರೆ ವೈದ್ಯರನ್ನೂ ವಿಚಾರಿಸಿ ಒಟ್ಟು 78 ಮಕ್ಕಳ ವಿವರ ಕಲೆಹಾಕಿದರು. ಅವರಲ್ಲಿ 68 ಮಕ್ಕಳ ತಾಯಂದಿರಿಗೆ ಬಸುರಿಯಲ್ಲಿ, ಹೆಚ್ಚಿನವರಿಗೆ ಮೊದಲ ತಿಂಗಳುಗಳಲ್ಲೇ, ರುಬೆಲ್ಲಾ ಬಂದಿತ್ತು. ತಾಯಿಗೆ ಬಂದ ವೈರಸ್ ಸೋಂಕು ಮಗುವಿನ ಅಂಗಗಳ ರಚನೆಯನ್ನೇ ಕೆಡಿಸಬಲ್ಲದು ಎಂದು ವೈದ್ಯಲೋಕಕ್ಕೆ ತೋರಿಸಿಕೊಟ್ಟದ್ದು ಈ ಪಟ್ಟಿ.

ಮಾಸು ಎಂಬ ಗೋಡೆ

ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಇಬ್ಬರ ನಡುವೆ ಮಾಸು (ಜರಾಯು) ಇದೆ. ಗಿಡದ ಬೇರು ಮಣ್ಣಿಗೆ ಇಳಿದಂತೆ ಮಾಸಿನ ಸಣ್ಣ ಸಣ್ಣ ಕವಲುಗಳು ಗರ್ಭಕೋಶದ ಒಳಗೋಡೆಯ ಕಡೆಗೆ ಚಾಚಿಕೊಂಡಿರುತ್ತವೆ. ಕವಲುಗಳ ಹೊರಗೆ ತಾಯಿಯ ರಕ್ತ, ಒಳಗೆ ಮಗುವಿನ ರಕ್ತ. ಆಮ್ಲಜನಕ ಮತ್ತು ಪೋಷಕಾಂಶ ಈ ಗೋಡೆ ದಾಟಿ ಒಳಗೆ ಹೋಗುತ್ತವೆ, ಆದರೆ ಎರಡು ರಕ್ತಗಳು ಬೆರೆಯುವುದಿಲ್ಲ.

ಈ ಕವಲುಗಳ ಹೊರಪದರ ವಿಶೇಷವಾದದ್ದು. ಅಲ್ಲಿ ಜೀವಕೋಶಗಳು ಒಂದರೊಡನೊಂದು ಬೆಸೆದುಕೊಂಡು, ನಡುವೆ ಸಂದೇ ಇಲ್ಲದ ಒಂದೇ ಹೊದಿಕೆಯಾಗಿರುತ್ತವೆ. ಇಟ್ಟಿಗೆ ಗೋಡೆಯಲ್ಲಿ ಬಿರುಕು ಇರಬಹುದು, ಒಂದೇ ಎರಕದ ಗೋಡೆಯಲ್ಲಿ ಅದು ಕಷ್ಟ. ಆದ್ದರಿಂದಲೇ ಬಸುರಿಯಲ್ಲಿ ಬರುವ ನೆಗಡಿ, ಕೆಮ್ಮಿನ ಸಾಮಾನ್ಯ ವೈರಸ್‌ಗಳು ಮಗುವನ್ನು ಮುಟ್ಟುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಮೂಗು, ಗಂಟಲು ಬಿಟ್ಟು ರಕ್ತಕ್ಕೆ ಇಳಿಯುವುದೂ ಇಲ್ಲ.

ರುಬೆಲ್ಲಾ ರಕ್ತಕ್ಕೆ ಇಳಿಯುತ್ತದೆ. ಸೋಂಕಿತರ ಕೆಮ್ಮು, ಸೀನಿನಿಂದ ಅದು ತಾಯಿಯ ಮೂಗು, ಗಂಟಲು ಸೇರಿ, ಅಲ್ಲಿ ಬೆಳೆದು, ಸುಮಾರು ಒಂದು ವಾರದಲ್ಲಿ ರಕ್ತದಲ್ಲಿ ಹರಡುತ್ತದೆ. ಗುಳ್ಳೆ ಕಾಣುವುದು ಸೋಂಕು ತಗುಲಿದ ಎರಡು ವಾರಗಳ ನಂತರ. ಎಂದರೆ ತಾಯಿಗೆ ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ವೈರಸ್ ಮಾಸಿನ ತನಕ ಬಂದಿರಬಹುದು. ಮಾಸಿನ ಕವಲುಗಳಿಗೆ ಸೋಂಕು ತಗುಲಿ, ಒಳಗಿನ ಸಣ್ಣ ರಕ್ತನಾಳಗಳ ಒಳಪದರ ಹಾಳಾಗುತ್ತದೆ. ಕಳಚಿಬಿದ್ದ ಸೋಂಕಿತ ಜೀವಕೋಶಗಳ ಚೂರುಗಳು ಮಗುವಿನ ರಕ್ತದಲ್ಲಿ ತೇಲಿಕೊಂಡು ಅಂಗಾಂಗಗಳಿಗೆ ಹೋಗಿ ಸೇರುತ್ತವೆ.

ಮೊದಲ ವಾರಗಳೇ ಏಕೆ ಅಪಾಯ?

ಮೊದಲ ಎರಡು, ಮೂರು ತಿಂಗಳುಗಳಲ್ಲಿ ಮಗು ಬೆಳೆಯುವುದಷ್ಟೇ ಅಲ್ಲ, ರೂಪುಗೊಳ್ಳುತ್ತಿರುತ್ತದೆ. ಗರ್ಭ ಕಟ್ಟಿದ ನಾಲ್ಕನೇ ವಾರದಲ್ಲಿ ಹೃದಯ ಬಡಿಯತೊಡಗುತ್ತದೆ. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಕಣ್ಣು ಮತ್ತು ಒಳಕಿವಿಯ ಕೆಲಸ ಶುರುವಾಗುತ್ತದೆ. ರುಬೆಲ್ಲಾ ಜೀವಕೋಶಗಳ ವಿಭಜನೆಯನ್ನು ನಿಧಾನಗೊಳಿಸುತ್ತದೆ, ಕೆಲವನ್ನು ಕೊಲ್ಲುತ್ತದೆ. ಕಟ್ಟಿ ಮುಗಿದ ಮನೆಗೆ ಮಳೆ ಬಡಿದರೆ ಬಣ್ಣ ಹೋದೀತು, ಅಡಿಪಾಯ ಹಾಕುವಾಗ ನೀರು ನುಗ್ಗಿದರೆ ಮನೆಯೇ ವಾಲೀತು. ಅದರ ಮೇಲೆ, ತಾಯಿಯ ರಕ್ಷಕ ಪ್ರತಿಕಾಯಗಳು ಮಗುವಿಗೆ ಸರಿಯಾಗಿ ತಲುಪುವುದು ಬಸುರಿನ ಕೊನೆಯ ತಿಂಗಳುಗಳಲ್ಲಿ. ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಸ್ವಂತ ರಕ್ಷಣೆಯೂ ಇಲ್ಲ.

ಬ್ರಿಟನ್ನಿನಲ್ಲಿ ರುಬೆಲ್ಲಾ ತಗುಲಿದ 1,000ಕ್ಕೂ ಹೆಚ್ಚು ಗರ್ಭಿಣಿಯರನ್ನು ಗಮನಿಸಿ 1982ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೆಕ್ಕವನ್ನು ಸ್ಪಷ್ಟಪಡಿಸಿತು. ಮೊದಲ 12 ವಾರಗಳಲ್ಲಿ ತಾಯಿಗೆ ಗುಳ್ಳೆ ಎದ್ದಿದ್ದರೆ ಶೇ. 80ಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ದಾಟಿತ್ತು. 13-14ನೇ ವಾರದಲ್ಲಿ ಅದು ಶೇ. 54, ಆರನೇ ತಿಂಗಳ ಕೊನೆಗೆ ಶೇ. 25. ಹದಿನಾರು ವಾರ ಕಳೆದ ಮೇಲೆ ಸೋಂಕು ತಗುಲಿದ ಮಕ್ಕಳಲ್ಲಿ ರುಬೆಲ್ಲಾದಿಂದಾದ ದೋಷ ಕಂಡುಬರಲಿಲ್ಲ.

ಮೊದಲ ವಾರಗಳ ಸೋಂಕಿನಿಂದ ಗರ್ಭಪಾತ ಆಗಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು. ಬದುಕಿ ಹುಟ್ಟಿದ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ, ಬುದ್ಧಿ ಬೆಳವಣಿಗೆಯ ತೊಂದರೆ ಇರಬಹುದು. 1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿದಾಗ ಸುಮಾರು 20,000 ಮಕ್ಕಳು ಇಂಥ ತೊಂದರೆಗಳೊಂದಿಗೆ ಹುಟ್ಟಿದರು. ಅಲ್ಲಿ 1969ರಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿತು. 2015ರಲ್ಲಿ ಉತ್ತರ ಮತ್ತು ದಕ್ಷಿಣ ಅಮೆರಿಕದ ದೇಶಗಳು ಸ್ಥಳೀಯ ರುಬೆಲ್ಲಾದಿಂದ ಮುಕ್ತ ಎಂದು ಘೋಷಣೆಯಾಯಿತು.

ಎಲ್ಲ ವೈರಸ್‌ಗಳೂ ಒಂದೇ ಅಲ್ಲ

ಸೈಟೊಮೆಗಾಲೋ ವೈರಸ್‌ನ ರೀತಿ ಬೇರೆ. ದಿನ ತುಂಬುತ್ತಾ ಹೋದಂತೆ ಅದು ಮಗುವಿಗೆ ದಾಟುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಹಾನಿ ಹೆಚ್ಚಾಗುವುದು ಮೊದಲ ತಿಂಗಳುಗಳಲ್ಲಿ ದಾಟಿದಾಗಲೇ. ಚಿಕ್ಕ ಮಕ್ಕಳ ಎಂಜಲು, ಮೂತ್ರದಿಂದ ಇದು ಹರಡುವುದರಿಂದ, ಮಗುವಿನ ಬಟ್ಟೆ ಬದಲಿಸಿದ ಮೇಲೆ ಗರ್ಭಿಣಿಯರು ಸೋಪಿನಿಂದ ಕೈ ತೊಳೆಯುವುದು ಒಳ್ಳೆಯದು. ಸೊಳ್ಳೆಯಿಂದ ಬರುವ ಜೀಕಾ ವೈರಸ್ ಭ್ರೂಣದ ಮೆದುಳು ಕಟ್ಟುವ ಜೀವಕೋಶಗಳ ಮೇಲೆಯೇ ದಾಳಿ ಮಾಡುತ್ತದೆ. 2015ರಲ್ಲಿ ಬ್ರೆಜಿಲ್‌ನಲ್ಲಿ ತಲೆ ತೀರಾ ಚಿಕ್ಕದಾಗಿದ್ದ ಮಕ್ಕಳು ಹುಟ್ಟಿದಾಗ ಇದು ಜಗತ್ತಿನ ಗಮನಕ್ಕೆ ಬಂತು. ಹೆಪಟೈಟಿಸ್ ಬಿ ಮುಖ್ಯವಾಗಿ ದಾಟುವುದು ಹೆರಿಗೆಯ ಹೊತ್ತಿನಲ್ಲಿ. ಅದಕ್ಕೇ ಮಗು ಹುಟ್ಟಿದ 24 ಗಂಟೆಯೊಳಗೆ ಅದರ ಲಸಿಕೆ ಹಾಕುತ್ತಾರೆ.

ಲಸಿಕೆ ಯಾರಿಗೆ, ಯಾವಾಗ?

ಭ್ರೂಣಕ್ಕೆ ಸೋಂಕು ತಗುಲಿದ ಮೇಲೆ ಅದನ್ನು ಗುಣಪಡಿಸುವ ಔಷಧಿ ಇಲ್ಲ. ಲಸಿಕೆ ಕೆಲಸ ಮಾಡುವುದು ಅದಕ್ಕೂ ಮೊದಲೇ. ತಾಯಿಯ ರಕ್ತದಲ್ಲಿ ಪ್ರತಿಕಾಯಗಳು ಸಿದ್ಧವಾಗಿದ್ದರೆ ವೈರಸ್ ಮಾಸಿನವರೆಗೆ ಬರುವ ದಾರಿಯಲ್ಲೇ ಸೋಲುತ್ತದೆ.

ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದದ್ದು 2017ರ ಫೆಬ್ರವರಿಯಲ್ಲಿ, 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ. ಈಗ ಇದು 9-12 ತಿಂಗಳಿಗೆ ಒಮ್ಮೆ, 16-24 ತಿಂಗಳಿಗೆ ಮತ್ತೊಮ್ಮೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆದರೆ 2017ಕ್ಕೇ 15 ವರ್ಷ ದಾಟಿದ್ದ ಹೆಣ್ಣುಮಕ್ಕಳು ಆ ಅಭಿಯಾನದ ಲೆಕ್ಕಕ್ಕೆ ಬರಲಿಲ್ಲ. ಇಂದು ಮದುವೆ, ಮಗು ಎಂದು ಯೋಚಿಸುತ್ತಿರುವವರಲ್ಲಿ ಹಲವರು ಅವರೇ. ಕೆಲವರಿಗೆ ಚಿಕ್ಕಂದಿನಲ್ಲೇ ಸೋಂಕು ಬಂದುಹೋಗಿ ರಕ್ಷಣೆ ಇರಬಹುದು, ಕೆಲವರು ಖಾಸಗಿ ಆಸ್ಪತ್ರೆಯಲ್ಲಿ ಎಂಎಂಆರ್ ಹಾಕಿಸಿಕೊಂಡಿರಬಹುದು. ಎರಡೂ ಗೊತ್ತಿಲ್ಲದಿದ್ದರೆ ಗರ್ಭಿಣಿಯಾಗುವ ಮೊದಲೇ ವೈದ್ಯರನ್ನು ಕೇಳಿ.

ನೆನಪಿಡಬೇಕಾದ ಕೆಲವು ವಿಷಯಗಳು:

• ಇದು ದುರ್ಬಲಗೊಳಿಸಿದ ಜೀವಂತ ವೈರಸ್‌ನ ಲಸಿಕೆ. ಬಸುರಿಯಲ್ಲಿ ಹಾಕುವುದಿಲ್ಲ. ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ಧರಿಸದಿರುವುದು ಒಳ್ಳೆಯದು.

• ಗರ್ಭಿಣಿ ಎಂದು ತಿಳಿಯದೆ ಹಾಕಿಸಿಕೊಂಡರೆ ಗಾಬರಿ ಬೇಡ, ಗರ್ಭ ತೆಗೆಸುವ ಕಾರಣ ಅದಲ್ಲ. ವೈದ್ಯರಿಗೆ ತಿಳಿಸಿದರೆ ಸಾಕು.

• ಬಾಣಂತಿಯರು, ಹಾಲೂಡಿಸುವವರು ಹಾಕಿಸಿಕೊಳ್ಳಬಹುದು.

• ರಕ್ತಪರೀಕ್ಷೆಯಲ್ಲಿ "ರುಬೆಲ್ಲಾ ಐಜಿಜಿ ಪಾಸಿಟಿವ್" ಎಂದು ಬಂದರೆ ಹೆದರುವವರು ಬಹಳ. ಸಾಮಾನ್ಯವಾಗಿ ಅದು ಹಿಂದಿನ ಸೋಂಕು ಅಥವಾ ಲಸಿಕೆಯಿಂದ ರಕ್ಷಣೆ ಇದೆ ಎಂಬುದರ ಗುರುತು. ಹೊಸ ಸೋಂಕನ್ನು ಸೂಚಿಸುವುದು ಐಜಿಎಂ, ಅದೂ ಕೆಲವೊಮ್ಮೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಅದೊಂದನ್ನೇ ನಂಬಿ ಗರ್ಭದ ಬಗ್ಗೆ ತೀರ್ಮಾನ ಮಾಡಬಾರದು.

• ಬಸುರಿಯಲ್ಲಿ ಮೈಮೇಲೆ ಗುಳ್ಳೆ ಎದ್ದರೆ, ಅಥವಾ ಗುಳ್ಳೆ ಎದ್ದವರ ಜೊತೆ ಇದ್ದಿದ್ದರೆ, ಜ್ವರ ಇಳಿಯಲಿ ಎಂದು ಕಾಯದೆ ಆ ವಾರವೇ ವೈದ್ಯರನ್ನು ಕಾಣಿ. ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ ವಿಷಯ ತಿಳಿಸಿದರೆ, ಅಲ್ಲಿ ಕಾಯುತ್ತಿರುವ ಬೇರೆ ಗರ್ಭಿಣಿಯರಿಗೂ ಸೋಂಕು ತಗುಲದಂತೆ ನೋಡಿಕೊಳ್ಳಬಹುದು.