ಸಿರಿಧಾನ್ಯ ಮಳಿಗೆ: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ರಾಯಚೂರು: ‘ಆರೋಗ್ಯ ಆಹಾರ’ ಎಂಬ ಫಲಕ ಹೊತ್ತ ಮಳಿಗೆಗಳು ರಾಜ್ಯದ ನಗರಗಳಲ್ಲಿ ಹೆಚ್ಚುತ್ತಿವೆ. ಅವುಗಳ ಮುಖ್ಯ ಸರಕು ಸಿರಿಧಾನ್ಯ. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ನಂತರ ಇವುಗಳ ಹೆಸರು ಇನ್ನಷ್ಟು ಪ್ರಚಾರ ಪಡೆಯಿತು.

ಕೃಷ್ಣಾ ದಂಡೆಯ ಗೂಗಲ್ ಸೇರಿದಂತೆ ದೇವದುರ್ಗ, ಮಾನ್ವಿ, ರಾಯಚೂರು ಭಾಗದವರಿಗೆ ಈ ಸರಕು ಹೊಸತೇನಲ್ಲ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣೆ ಅನ್ನ ಇಲ್ಲಿನ ಹಳೆಯ ಊಟ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ ಭಾಗಕ್ಕೂ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗ ಭಾಗಕ್ಕೂ ನೀರುಣಿಸಿದ ಮೇಲೆ ಭತ್ತ ಹಬ್ಬಿತು. ನವಣೆ ಹೊಲ ಬಿಟ್ಟು ಪೊಟ್ಟಣ ಸೇರಿತು.

ತೌಡು ಉಳಿದಿದೆಯೇ?

ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗುಗಳಿಗೆ ಗಟ್ಟಿ ಹೊಟ್ಟು ಇರುತ್ತದೆ. ಅದನ್ನು ತೆಗೆಯದೆ ಬೇಯಿಸುವಂತಿಲ್ಲ. ಆದರೆ ಹೊಟ್ಟಿನೊಳಗಿನ ತೌಡನ್ನೂ ಉಜ್ಜಿ ತೆಗೆದರೆ ನಾರು, ಖನಿಜಾಂಶಗಳು ಬಹುಪಾಲು ಅದರೊಡನೆ ಹೋಗುತ್ತವೆ. ತೌಡಿನ ಎಣ್ಣೆಯಂಶದಿಂದ ಧಾನ್ಯ ಬೇಗ ಕೆಡುವುದರಿಂದ ಪಾಲಿಷ್ ಮಾಡಿದ ಧಾನ್ಯವನ್ನು ದಾಸ್ತಾನಿಡುವುದು ವ್ಯಾಪಾರಿಗೆ ಸುಲಭ. ಹೀಗಾಗಿ ಬೆಳ್ಳಗೆ ಹೊಳೆಯುವ ಸಾಮೆಗಿಂತ ಮಂಕಾದ, ತುಸು ಒರಟಾದ ಸಾಮೆಯೇ ಮೇಲು. ಹೆಚ್ಚು ಬೆಲೆ ತೆತ್ತು ಪಾಲಿಷ್ ಸಿರಿಧಾನ್ಯ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಜೋಳ, ಸಜ್ಜೆ, ರಾಗಿಗಳಿಗೆ ಈ ತೊಡಕಿಲ್ಲ. ಒಕ್ಕಣೆಯಲ್ಲೇ ಸಿಪ್ಪೆ ಬೇರ್ಪಡುವುದರಿಂದ ಇಡೀ ಕಾಳನ್ನೇ ಬೀಸಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಿಷ್ ಅಕ್ಕಿಯಲ್ಲಿ ನಾರು 3 ಗ್ರಾಂಗೂ ಕಡಿಮೆ. ಜೋಳದಲ್ಲಿ ಸುಮಾರು 10, ಸಜ್ಜೆ ಮತ್ತು ರಾಗಿಯಲ್ಲಿ ಸುಮಾರು 11 ಗ್ರಾಂ. ರಾಗಿಯ ಸುಣ್ಣದ ಅಂಶ 364 ಮಿಲಿಗ್ರಾಂ. ಅಕ್ಕಿಯದು 10ನ್ನೂ ಮುಟ್ಟದು. ರಾಯಚೂರಿನವರು ಈ ಲಾಭಕ್ಕಾಗಿ ವಿಶೇಷ ಮಳಿಗೆಯನ್ನೇ ಹುಡುಕಬೇಕಿಲ್ಲ. ಕಾಳಿನ ಅಂಗಡಿ ಮತ್ತು ಓಣಿಯ ಗಿರಣಿ ಸಾಕು.

ಪೊಟ್ಟಣದ ಮೇಲಿನ ಬರಹ

ಮಳಿಗೆಯಲ್ಲಿ ಧಾನ್ಯಕ್ಕಿಂತ ಹೆಚ್ಚು ಎಚ್ಚರ ಬೇಡುವುದು ಬಿಸ್ಕತ್ತು, ನೂಡಲ್ಸ್, ಲಡ್ಡುಗಳು. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ನಮೂದಿಸಬೇಕೆಂಬ ನಿಯಮವಿದೆ. ‘ರಾಗಿ ಬಿಸ್ಕತ್ತು’ ಎಂದು ದೊಡ್ಡಕ್ಷರದಲ್ಲಿದ್ದು, ಪಟ್ಟಿಯ ಆರಂಭದಲ್ಲಿ ಮೈದಾ, ಸಕ್ಕರೆ ಇದ್ದರೆ ಅದು ಮೈದಾ ಬಿಸ್ಕತ್ತೇ. ಬೆಲ್ಲ ಹಾಕಿದ್ದೆಂಬ ಕಾರಣಕ್ಕೆ ಲಡ್ಡು ಮಧುಮೇಹಿಗಳಿಗೆ ಪಥ್ಯವಾಗದು.

‘ಸಾವಯವ’ ಎಂದು ಮಾರುವ ಪೊಟ್ಟಣದ ಮೇಲೆ ‘ಜೈವಿಕ್ ಭಾರತ್’ ಲಾಂಛನವನ್ನು ಗಮನಿಸಬೇಕು. ತಾನೇ ಬೆಳೆದುದನ್ನು ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ರೈತರಿಗೆ ಪ್ರಮಾಣೀಕರಣದಿಂದ ವಿನಾಯಿತಿ ಇದೆ. ಅಲ್ಲಿ ನಂಬಿಕೆಯೇ ಪ್ರಮಾಣ.

ಆಹಾರದಿಂದ ರೋಗ ಗುಣವಾಗುತ್ತದೆಂದು ಜಾಹೀರಾತು ನೀಡಲು ಕಾನೂನಿನ ಸಮ್ಮತಿಯಿಲ್ಲ. ಆದರೂ ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಸಿರಿಧಾನ್ಯಗಳಲ್ಲೂ ಪಿಷ್ಟವೇ ಅಧಿಕ. ಜೋಳದಲ್ಲಿ ಶರ್ಕರಪಿಷ್ಟ 100 ಗ್ರಾಂಗೆ 65 ಗ್ರಾಂ ಮೀರುತ್ತದೆ. ಅಕ್ಕಿಯ ಬದಲು ಮಿತವಾಗಿ ಬಳಸಿದರೆ ಪ್ರಯೋಜನವುಂಟು. ಮಳಿಗೆಯವರ ಮಾತು ನಂಬಿ ಮಾತ್ರೆ ನಿಲ್ಲಿಸುವುದು ಅಪಾಯಕಾರಿ. ಥೈರಾಯ್ಡ್ ತೊಂದರೆ ಇರುವವರು ಸಜ್ಜೆಯನ್ನು ನಿತ್ಯದ ಊಟವಾಗಿಸುವ ಮುನ್ನ ವೈದ್ಯರನ್ನು ಕೇಳುವುದು ಒಳಿತು.

ಸಜ್ಜೆ ಹಿಟ್ಟಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಣ್ಣೆಯಂಶ ಹೆಚ್ಚಿರುವುದರಿಂದ ಬೀಸಿದ ಕೆಲವೇ ದಿನಗಳಲ್ಲಿ ಅದು ಕಹಿಯಾಗುತ್ತದೆ. ತಿಂಗಳುಗಟ್ಟಲೆ ಹಳೆಯ ಪೊಟ್ಟಣಕ್ಕಿಂತ ಕಾಳು ಕೊಂಡು, ವಾರಕ್ಕೆ ಬೇಕಾದಷ್ಟೇ ಬೀಸಿಸುವುದು ಲೇಸು. ಕೊಳ್ಳುವಾಗ ಮೊದಲು ತಯಾರಿಕೆಯ ದಿನಾಂಕ, ಆಮೇಲೆ ಬೆಲೆ ನೋಡಬೇಕು.