ಚಲಚ್ಚಿತ್ರದಲ್ಲಿ ಲೋಕಧರ್ಮಿ: ಪುರುಷಾನುರಾಗಿಗಳ ಚಿತ್ರಣವಿಚಾರ

ಭರತಮುನಿಯು ನಾಟ್ಯಪ್ರಯೋಗವನ್ನು ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡಾಗಿ ವಿಭಾಗಿಸಿರುವನು. ಅಂಗವಿಲಾಸಗಳನ್ನು ಬಿಟ್ಟು, ವಿಕಾರವಿಲ್ಲದೆ, ಸ್ವಭಾವಾನುಗುಣವಾಗಿ ಲೋಕವೃತ್ತವನ್ನು ತೋರಿಸುವುದೇ ಲೋಕಧರ್ಮಿ. ವಿಕೃತವಾದ ವೇಷಾದಿಗಳಾದರೋ ಹಾಸ್ಯಕ್ಕೆ ವಿಭಾವಗಳು. ಪುರುಷರಲ್ಲಿಯೇ ಅನುರಾಗವುಳ್ಳ ಪುರುಷರನ್ನು ನಮ್ಮ ಚಲಚ್ಚಿತ್ರಗಳು ತೋರಿಸಿದ ಬಗೆಯನ್ನು ವಿಚಾರಿಸಲು ಈ ಭೇದವು ಉಪಯುಕ್ತವಾಗಿದೆ.

ಬೀದರ ಜಿಲ್ಲೆಯ ಡಾಬಕಾ, ಔರಾದ, ಭಾಲ್ಕಿ ಮುಂತಾದ ಗಡಿಸ್ಥಳಗಳಲ್ಲಿ ಕನ್ನಡದೊಡನೆ ಮರಾಠಿ, ದಖ್ಖನಿ ಉರ್ದುಗಳೂ ನಡೆಯುವುದರಿಂದ ಹಿಂದೀ ಚಿತ್ರಗಳು ಅಲ್ಲಿಯವರಿಗೆ ಅಪರಿಚಿತವಲ್ಲ. ಆ ಚಿತ್ರಗಳಲ್ಲಿ ಈ ವಿಷಯವು ಬಹುಮಟ್ಟಿಗೆ ಹಾಸ್ಯಕ್ಕಾಗಿಯೇ ಬಂದಿತು. ‘ಕಲ್ ಹೋ ನಾ ಹೋ’ (2003) ಚಿತ್ರದಲ್ಲಿ ಇಬ್ಬರು ಗೆಳೆಯರನ್ನು ಪ್ರಣಯಿಗಳೆಂದು ಭ್ರಮಿಸುವುದೇ ಒಂದು ವಿನೋದ. ‘ದೋಸ್ತಾನಾ’ (2008) ಚಿತ್ರದಲ್ಲಿ ಇಬ್ಬರು ಹಾಗೆ ನಟಿಸುವುದೇ ಕಥಾವಸ್ತು.

ವಾತ್ಸ್ಯಾಯನನು ಇವರಿಗಿಂತ ಸೂಕ್ಷ್ಮದರ್ಶಿ. ಕಾಮಸೂತ್ರದಲ್ಲಿ ತೃತೀಯಾಪ್ರಕೃತಿಯನ್ನು ಸ್ತ್ರೀರೂಪಿಣಿ, ಪುರುಷರೂಪಿಣಿ ಎಂದು ವಿಂಗಡಿಸಿ, ಎರಡನೆಯದು ತನ್ನ ಕಾಮವನ್ನು ಮರೆಸಿಕೊಂಡು ಬಾಳುವುದೆಂದು ಆತನು ಹೇಳಿರುವನು. ಹೊರಗೆ ಯಾವ ವಿಕಾರವೂ ಇಲ್ಲದ ಈ ಪ್ರಚ್ಛನ್ನಜೀವಿಯೇ ಹಾಸ್ಯಚಿತ್ರಗಳ ಕಣ್ಣಿಗೆ ಬೀಳದವನು.

ಅವನನ್ನು ಲೋಕಧರ್ಮಿಯಿಂದ ತೋರಿಸಿದವುಗಳಲ್ಲಿ ಓನಿರ್ ಅವರ ‘ಮೈ ಬ್ರದರ್ ನಿಖಿಲ್’ (2005), ಹನ್ಸಲ್ ಮೆಹತಾ ಅವರ ‘ಅಲೀಗಢ್’ (2016) ಗಣ್ಯವಾದುವು. ಎರಡನೆಯದರ ನಾಯಕನು ಕಲ್ಪಿತನಲ್ಲ. ಅಲೀಗಢ ಮುಸ್ಲಿಂ ವಿಶ್ವವಿದ್ಯಾನಿಲಯದ ಮರಾಠೀ ಅಧ್ಯಾಪಕರೂ ಕವಿಗಳೂ ಆಗಿದ್ದ ರಾಮಚಂದ್ರ ಸಿರಸ್ ಅವರ ಮನೆಗೆ 2010ರ ಫೆಬ್ರವರಿಯಲ್ಲಿ ಕೆಲವರು ನುಗ್ಗಿ ಅವರ ಏಕಾಂತವನ್ನು ಚಿತ್ರೀಕರಿಸಿದರು, ಅಮಾನತಾದವರು ಅವರೇ. ದಿಲ್ಲಿ ಉಚ್ಚನ್ಯಾಯಾಲಯವು 2009ರಲ್ಲಿಯೇ ಇಂತಹ ಸಂಬಂಧವು ಅಪರಾಧವಲ್ಲವೆಂದಿತ್ತು. ಅಲಾಹಾಬಾದ್ ಉಚ್ಚನ್ಯಾಯಾಲಯವು ಏಪ್ರಿಲ್ ಮೊದಲಲ್ಲಿ ಅಮಾನತ್ತನ್ನು ತಡೆದ ಕೆಲವೇ ದಿನಗಳಲ್ಲಿ, 7ರಂದು, ಅವರು ಮೃತರಾಗಿ ಕಂಡುಬಂದರು. ಮನೋಜ್ ಬಾಜಪೇಯಿ ಅವರು ಅಭಿನಯಿಸಿದ ಈ ವೃದ್ಧನು ಕೋಣೆಯಲ್ಲಿ ಒಂಟಿಯಾಗಿ ಕುಳಿತು ಹಳೆಯ ಹಾಡನ್ನು ಕೇಳುವ ಸನ್ನಿವೇಶದಲ್ಲಿ ನಗೆಗೆ ಎಡೆಯೇ ಇಲ್ಲ, ಅಲ್ಲಿರುವುದು ಕರುಣ.

ಕನ್ನಡದಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ (2013) ಕಥಾಸಂಕಲನವು ಈ ಲೋಕಧರ್ಮಿಯನ್ನು ಸಾಧಿಸಿದೆ. ಬಿ. ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ಸಂಚಾರಿ ವಿಜಯ್ ಅವರು 2014ನೆಯ ಸಾಲಿನ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಆದರೆ ಅದರ ಕಥಾನಾಯಿಕೆಯು ತಾನು ಸ್ತ್ರೀಯೆಂದೇ ಅರಿತವಳು, ಪುರುಷಾನುರಾಗಿಯಾದ ಪುರುಷನಲ್ಲ. ಇವೆರಡನ್ನು ಒಂದೆಂದು ಎಣಿಸುವುದು ವಾತ್ಸ್ಯಾಯನನು ಕಂಡ ಭೇದವನ್ನು ಮರೆತಂತೆ.

ಇದು ವಿದ್ವಾಂಸರಿಗೆ ಉಚಿತವಾದ ವಿಷಯವೇ ಎಂದು ಶಂಕಿಸಬಹುದು. ಪೂರ್ವಾಚಾರ್ಯರು ಸಂಕೋಚವಿಲ್ಲದೆ ವಿವೇಚಿಸಿದುದನ್ನು ಅಪರಾಧವೆಂದುದು 1860ರ ದಂಡಸಂಹಿತೆಯ 377ನೆಯ ವಿಧಿ. ಪ್ರಾಪ್ತವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಆದರೆ ನ್ಯಾಯಾಲಯವು ದಂಡವನ್ನು ತೆಗೆಯಬಲ್ಲುದಲ್ಲದೆ ಪರಿಹಾಸವನ್ನು ತೆಗೆಯಲಾರದು. ಸಿರಸ್ ಅವರ ವೃತ್ತಾಂತವೇ ಇದಕ್ಕೆ ನಿದರ್ಶನ. ಪರಿಹಾಸವನ್ನು ನೀಗುವುದು ಸಹೃದಯತೆಯ ಕಾರ್ಯ. ಅದು ಕಾವ್ಯಕ್ಕೂ ಚಿತ್ರಕ್ಕೂ ಸೇರಿದುದು.