ಫಲಕಕ್ಕಿಂತ ದೊಡ್ಡ ಪ್ರಚಾರ

ಬಸ್ ತಂಗುದಾಣ, ಕುಡಿಯುವ ನೀರಿನ ತೊಟ್ಟಿ, ಉದ್ಯಾನದ ಕಲ್ಲುಬೆಂಚು: ರೋಟರಿಯ ಹಲ್ಲುಚಕ್ರವೋ ಲಯನ್ಸ್‌ನ ಸಿಂಹಮುಖವೋ ಕಾಣದ ಊರು ಕಡಿಮೆ. ಸೇವೆಗಿಂತ ಫಲಕವೇ ದೊಡ್ಡದೆಂದು ಗೇಲಿ ಮಾಡುವವರೂ ಉಂಟು. ಆದರೆ ಪ್ರಚಾರವೇ ಸೇವೆಯಾದ ಉದಾಹರಣೆಯೊಂದು ಬೆಂಗಳೂರಿನ ಪೂರ್ವ ಭಾಗದಲ್ಲಿದೆ.

1905ರಲ್ಲಿ ಷಿಕಾಗೊದಲ್ಲಿ ವಕೀಲ ಪಾಲ್ ಹ್ಯಾರಿಸ್ ಆರಂಭಿಸಿದ ರೋಟರಿ, 1934ರಲ್ಲಿ ಬೆಂಗಳೂರಿಗೆ ಬಂತು. ಅರ್ಧ ಶತಮಾನದ ಬಳಿಕ, 1984ರಲ್ಲಿ, ಬೆಂಗಳೂರು ರೋಟರಿ ಮತ್ತು ಟಿಟಿಕೆ ಸಮೂಹದ ಬೆಂಬಲದಿಂದ ಬೆಂಗಳೂರು ಮೆಡಿಕಲ್ ಸರ್ವೀಸಸ್ ಟ್ರಸ್ಟ್ ಹುಟ್ಟಿತು. ಅದರ ರಕ್ತನಿಧಿ ಇರುವುದು ಹೊಸ ತಿಪ್ಪಸಂದ್ರದಲ್ಲಿ. ಇಂದಿರಾನಗರ, ಹಲಸೂರಿಗೆ ಅದು ಹತ್ತಿರ. ಹೊರಮಾವಿಗೂ ತೀರಾ ದೂರವಲ್ಲ.

ರಕ್ತ ಕಾರ್ಖಾನೆಯಲ್ಲಿ ತಯಾರಾಗದು. ಬಹುಕಾಲ ಕೂಡಿಡಲೂ ಆಗದು. ಕೆಂಪುಕಣಗಳು 35ರಿಂದ 42 ದಿನ ಉಳಿದರೆ, ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನ ಮಾತ್ರ. ಹಿಂದೆ ಕೊರತೆ ತುಂಬುತ್ತಿದ್ದವರಲ್ಲಿ ಹಣಕ್ಕಾಗಿ ರಕ್ತ ಮಾರುವವರೂ ಇದ್ದರು. ಹೊಟ್ಟೆಪಾಡಿಗಾಗಿ ಅವರು ತಮ್ಮ ರೋಗ ಮುಚ್ಚಿಟ್ಟರೆ ಅಪಾಯ ರೋಗಿಗೆ. ಸುಪ್ರೀಂ ಕೋರ್ಟ್‌ನ 1996ರ ತೀರ್ಪಿನಂತೆ, 1998ರ ಜನವರಿ 1ರಿಂದ ಈ ಮಾರಾಟ ನಿಷೇಧವಾಯಿತು. ಇನ್ನು ನಂಬಬೇಕಾದದ್ದು ಸ್ವಯಂಪ್ರೇರಿತ ದಾನಿಗಳನ್ನೇ. ಅವರನ್ನು ಕಾಲೇಜು, ಕಾರ್ಖಾನೆ, ಬಡಾವಣೆಗಳಲ್ಲಿ ಹುಡುಕಿ ಕರೆಯಬೇಕು.

ತಂಗುದಾಣದ ಫಲಕವನ್ನು ಒಮ್ಮೆ ಬರೆಸಿದರೆ ಸಾಕು. ರಕ್ತದಾನದ ಕರೆ ನಿಂತರೆ ಕೆಲವೇ ವಾರಗಳಲ್ಲಿ ರಕ್ತನಿಧಿ ಬರಿದಾಗುತ್ತದೆ.